ಅಮ್ಮನ ಟೇಪು, ನನ್ನ ಟೈರು

ನಮ್ಮ ಪಿಕಪ್ ಟ್ರಕ್ಕಿನ ಹಿಂದಿನ ಸೀಟಿನ ಕೆಳಗೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇದೆ. ಬಾತ್‌ರೂಮಿನಲ್ಲಿ ಕೂತು ಬಟ್ಟೆ ಒಗೆಯೋಕೆ ಇಟ್ಕೋತಾರಲ್ಲ, ಅಂಥದ್ದು. ಆಫೀಸಿನವರು ಯಾರಾದರೂ ಗಾಡಿ ಹತ್ತಿದರೆ ಅದನ್ನು ನೋಡಿ ನಗುತ್ತಾರೆ. ಆ ಸ್ಟೂಲ್ ಅಲ್ಲಿಗೆ ಬಂದ ಕತೆಯಲ್ಲಿ ನನ್ನ ದಡ್ಡತನವೂ ಇದೆ, ಅಮ್ಮನ ಜಾಣತನವೂ ಇದೆ. ಹೇಳಿಬಿಡ್ತೀನಿ.

ನಾನು ಹಾಸನದವನು. ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ ಕೋಡ್ ಬರೆದು, ಈಗ ಐದು ವರ್ಷದಿಂದ ಅಮೆರಿಕದ ಡೆನ್ವರ್ ಊರಿನಲ್ಲಿದ್ದೇನೆ. ನಮ್ಮೂರಲ್ಲಿ ಪಿಕಪ್ ಅಂದರೆ ಆಲೂಗಡ್ಡೆ ಮೂಟೆಯೋ, ಶಾಮಿಯಾನದ ಸಾಮಾನೋ ಹೇರಿಕೊಂಡು ಹೋಗುವ ಗಾಡಿ. ಇಲ್ಲಿ ಹಾಗಲ್ಲ. ಬೆಳಗ್ಗೆ ಒಬ್ಬನೇ ಅದರಲ್ಲಿ ಕೂತು ಆಫೀಸಿಗೆ ಹೋಗುವವರೂ ಇದ್ದಾರೆ, ಶನಿವಾರ ಅದೇ ಗಾಡಿಯಲ್ಲಿ ಬೆಟ್ಟ ಹತ್ತುವವರೂ ಇದ್ದಾರೆ. ನಾನು ಎರಡನೇ ಗುಂಪಿಗೆ ಸೇರುವ ಆಸೆಯಿಂದ ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಟೊಯೊಟಾ ಟಕೋಮ ತಗೊಂಡೆ. 2018ರ ಮಾಡೆಲ್, ಫೋರ್ ವೀಲ್ ಡ್ರೈವ್. ಕಂಪನಿ ಕೊಟ್ಟ ಹಾಗೇ ಇತ್ತು, ಒಂದು ಬೋಲ್ಟೂ ಬದಲಾಗಿರಲಿಲ್ಲ.

ಡೆನ್ವರ್ ಊರೇ ಸಮುದ್ರ ಮಟ್ಟದಿಂದ 5,280 ಅಡಿ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆ ಹೋದರೆ 13 ಸಾವಿರ ಅಡಿ ದಾಟುವ ಮೊಸ್ಕಿಟೊ ಪಾಸ್ ಥರದ ಕಲ್ಲು ದಾರಿಗಳು ಸಿಗುತ್ತವೆ. ಹಳೇ ಗಣಿಗಳಿಗೆ ಹೋಗಲು ಮಾಡಿದ ದಾರಿಗಳು ಅವು. ಅಂಥದ್ದೊಂದು ದಾರಿಯಲ್ಲಿ ಗಾಡಿಯ ಹೊಟ್ಟೆ ಎರಡು ಸಲ ಕಲ್ಲಿಗೆ ಬಡಿಯಿತು. ಎರಡನೇ ಸಲ ಬಡಿದದ್ದು ಹಿಂದಿನ ಆಕ್ಸಲ್ ನಡುವೆ ಇರುವ ಡಿಫರೆನ್ಶಿಯಲ್‌ನ ಗುಂಡಿಗೆ. ಪಕ್ಕದಲ್ಲಿದ್ದ ಹೆಂಡತಿ ಏನೂ ಮಾತಾಡಲಿಲ್ಲ. ಅದು ಬೈದದ್ದಕ್ಕಿಂತ ಜೋರಾಗಿ ಕೇಳಿಸಿತು.

ಗಾಡಿ ಎತ್ತರಿಸಲು ಇಲ್ಲಿ ಎರಡು ದಾರಿ. ಒಂದು ಲಿಫ್ಟ್ ಕಿಟ್. ಅಂದರೆ ಸಸ್ಪೆನ್ಷನ್‌ನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬದಲಿಸಿ ಬಾಡಿಯನ್ನು ಎರಡು ಮೂರು ಇಂಚು ಮೇಲಕ್ಕೆತ್ತೋದು. ಇನ್ನೊಂದು ದೊಡ್ಡ ಟೈರ್ ಹಾಕೋದು. ಲಿಫ್ಟ್‌ಗೆ ದುಡ್ಡು ಜಾಸ್ತಿ, ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟ್‌ಗಳು ಓರೆಯಾಗಿ ಬೇಗ ಸವೆಯುವ ಭಯ ಬೇರೆ. ಅದಕ್ಕಿಂತ ಮುಖ್ಯವಾಗಿ, ಲಿಫ್ಟ್ ಮಾಡಿದರೆ ಬಾಡಿ ಮೇಲೆ ಹೋಗುತ್ತದೆ, ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಆ ಡಿಫರೆನ್ಶಿಯಲ್ ಗುಂಡನ್ನು ನೆಲದಿಂದ ಮೇಲೆತ್ತೋದು ಟೈರ್ ಒಂದೇ. ಹಾಗಾಗಿ ಲಿಫ್ಟ್ ಬೇಡ, ಟೈರ್ ಸಾಕು ಅಂತ ತೀರ್ಮಾನಿಸಿದೆ. ಇಲ್ಲೀವರೆಗೂ ಸರಿಯಾಗೇ ಯೋಚಿಸಿದ್ದೆ.

ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆಯನ್ನು ನಮ್ಮಲ್ಲಿ ಬಹಳ ಜನ ಓದಿರೋದೇ ಇಲ್ಲ. ನಂದು 265/70 ಆರ್ 16. ಮೊದಲನೆಯದು ಟೈರಿನ ಅಗಲ, 265 ಮಿಲಿಮೀಟರ್. ಎರಡನೆಯದು ಟೈರಿನ ಗೋಡೆಯ ಎತ್ತರ, ಆ ಅಗಲದ ಶೇಕಡಾ 70. ಕೊನೆಯದು ರಿಮ್ಮಿನ ವ್ಯಾಸ, 16 ಇಂಚು. ಗೋಡೆ ಮೇಲೊಂದು ಕೆಳಗೊಂದು ಬರುವುದರಿಂದ ಎರಡು ಸಲ ಕೂಡಿಸಬೇಕು. ಲೆಕ್ಕ ಹಾಕಿದರೆ ನನ್ನ ಚಕ್ರದ ಒಟ್ಟು ಎತ್ತರ 777 ಮಿಲಿಮೀಟರ್, ಹತ್ತಿರ ಹತ್ತಿರ 30.6 ಇಂಚು.

ಅದೇ ಹೊತ್ತಿಗೆ ಆಫೀಸಿನ ಸಹೋದ್ಯೋಗಿಯೊಬ್ಬ ತನ್ನ ಗಾಡಿಯಿಂದ ಬಿಚ್ಚಿದ ನಾಲ್ಕು ಟೈರ್‌ಗಳನ್ನು ರಿಮ್ ಸಮೇತ ಮಾರುತ್ತಿದ್ದ. ಸೈಜು 285/75 ಆರ್ 16. ಅಂದರೆ 834 ಮಿಲಿಮೀಟರ್. ಇಲ್ಲಿ ಅದನ್ನು '33' ಅಂತಲೇ ಕರೀತಾರೆ, 33 ಇಂಚಿನ ಟೈರ್ ಅಂತ. 33 ಹಾಕಿದವನ ಗಾಡಿಗೆ ಪಾರ್ಕಿಂಗ್ ಲಾಟಿನಲ್ಲಿ ಸಿಗುವ ಮರ್ಯಾದೆಯೇ ಬೇರೆ. 900 ಡಾಲರ್ ಅಂದ. ಹೊಸದಾದರೆ ಅದರ ಎರಡರಷ್ಟಾದರೂ ಆಗುತ್ತಿತ್ತು. "ಲಿಫ್ಟ್ ಇಲ್ಲದೇ ಹಿಡಿಸುತ್ತಾ?" ಅಂತ ಕೇಳಿದೆ. "ಸ್ವಲ್ಪ ಉಜ್ಜಬಹುದು" ಅಂದ. ನನ್ನ ಕಿವಿಗೆ 'ಸ್ವಲ್ಪ' ಮಾತ್ರ ಬಿತ್ತು.

ನಾನು ಎಂಜಿನಿಯರ್ ಅಲ್ವಾ, ಹಾಗೇ ನಂಬಲಿಲ್ಲ. ಗರಾಜಿನಲ್ಲಿ ಗಾಡಿ ನಿಲ್ಲಿಸಿ, ಚಕ್ರ ಮತ್ತು ಮಡ್‌ಗಾರ್ಡ್ ನಡುವಿನ ಸಂದನ್ನು ಎಂಟು ಕಡೆ ಅಳೆದೆ. ಸ್ಪ್ರೆಡ್‌ಶೀಟ್ ಮಾಡಿದೆ. ಸುತ್ತಲೂ 28 ಮಿಲಿಮೀಟರ್ ಹೆಚ್ಚಾಗುತ್ತೆ, ಅಗಲದಲ್ಲಿ 20 ಮಿಲಿಮೀಟರ್. ಎಲ್ಲಾ ಕಡೆಯೂ ಜಾಗ ಉಳಿಯುತ್ತಿತ್ತು. ಸ್ಟೀರಿಂಗ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿಯೂ ನೋಡಿದೆ. ಎಡಗಡೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು. ಲೆಕ್ಕದ ಪ್ರಕಾರ ಪಾಸ್. ದುಡ್ಡು ಕೊಟ್ಟು ತಂದು ಹಾಕಿಸಿಬಿಟ್ಟೆ. ದೂರ ನಿಂತು ನೋಡಿದರೆ ಗಾಡಿಗೆ ಏನು ಗತ್ತು ಅಂತೀರಿ!

ಮುಂದಿನ ತಿಂಗಳು ಅಮ್ಮ ಬಂದರು.

ಅಮ್ಮ ಹಾಸನದ ನಮ್ಮ ಮನೆ ಜಗಲಿಯಲ್ಲಿ ಮಿಷನ್ ಇಟ್ಕೊಂಡು ಇಪ್ಪತ್ತೈದು ವರ್ಷ ಬ್ಲೌಸ್ ಹೊಲಿದವರು. ನಾನು ಪಿಯುಸಿ ಓದುವಾಗ ಒಂದು ಬ್ಲೌಸಿಗೆ ಹೊಲಿಗೆ 50 ರೂಪಾಯಿ. ನನ್ನ ಎಂಜಿನಿಯರಿಂಗ್ ಫೀಸಿನ ಒಂದು ಭಾಗ ಆ ಮಿಷನ್ನಿಂದಲೇ ಬಂದದ್ದು. ಪೆಡಲ್ ತುಳಿದೂ ತುಳಿದೂ ಮಂಡಿ ಸವೆದಿವೆ ಅಂತ ಅವರೇ ಹೇಳ್ತಾರೆ. ಡಾಕ್ಟರ್ ವಯಸ್ಸು ಅಂತಾರೆ.

ಏರ್‌ಪೋರ್ಟ್‌ನಲ್ಲಿ ಅಮ್ಮನ ಸೂಟ್‌ಕೇಸ್ ಹಿಂದಕ್ಕೆ ಎಸೆದು ಬಂದು ನೋಡ್ತೀನಿ, ಅಮ್ಮ ಬಾಗಿಲು ತೆಗೆದುಕೊಂಡು ಹಾಗೇ ನಿಂತಿದ್ದಾರೆ. ಸೀರೆಯ ನಿರಿಗೆ ಎತ್ತಿ ಹಿಡಿದು ಒಂದು ಕಾಲು ಮೇಲಿಡಲು ನೋಡ್ತಾರೆ, ಆಗಲ್ಲ.

"ಏನೋ ಇದು, ಲಾರಿ ಇದ್ದಂಗಿದೆ. ಹತ್ತಕ್ಕಾಗಲ್ಲ ಕಣೋ."

28 ಮಿಲಿಮೀಟರ್ ಅಂದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸ್ಪ್ರೆಡ್‌ಶೀಟಿನಲ್ಲಿ ಅದು ಲಾಭದ ಕಾಲಂನಲ್ಲಿತ್ತು. ಮೊದಲೇ ಎತ್ತರದ ಗಾಡಿ, ಸವೆದ ಮಂಡಿಗೆ ಆ ಒಂದು ಇಂಚು ಏನು ಅಂತ ನಾನು ಯೋಚಿಸಿರಲೇ ಇಲ್ಲ. ಅವತ್ತು ನಾನೂ ನನ್ನ ಹೆಂಡತಿಯೂ ಎರಡು ಕಡೆ ಹಿಡಿದು ಹತ್ತಿಸಿದೆವು. ಮಾರನೇ ದಿನ ಹೆಂಡತಿ ಅಂಗಡಿಯಿಂದ ನೀಲಿ ಸ್ಟೂಲ್ ತಂದಳು. "ಅತ್ತೆಗೆ" ಅಂತ ಹೇಳಿ ಗಾಡಿಯಲ್ಲಿಟ್ಟಳು. ನನಗೆ ಬೇರೇನೂ ಹೇಳಲಿಲ್ಲ.

"ಈ ಚಕ್ರಕ್ಕೆಲ್ಲ ಎಷ್ಟಾಯ್ತೋ?" ಅಂತ ಅಮ್ಮ ಕೇಳಿದರು. "500 ಡಾಲರ್" ಅಂದೆ. ಯಾಕೆ ಸುಳ್ಳು ಹೇಳಿದೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ಅವರು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಅದನ್ನು ಬ್ಲೌಸಿನಿಂದ ಭಾಗಿಸ್ತಾರೆ ಅಂತ ಗೊತ್ತಿತ್ತು. ಅದಕ್ಕೇ ಇರಬೇಕು.

ಜುಲೈನಲ್ಲಿ ಒಂದು ಬೆಳಗ್ಗೆ ಅಮ್ಮನನ್ನು ಮಂಡಿ ತೋರಿಸಲು ಡಾಕ್ಟರ್ ಹತ್ತಿರ ಕರಕೊಂಡು ಹೊರಟಿದ್ದೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸಿ ಎಡಕ್ಕೆ ತಿರುಗಿ ರಸ್ತೆಗೆ ಇಳಿಯಬೇಕಿತ್ತು. ಇಲ್ಲಿ ಬಲಗಡೆ ಓಡಿಸೋದರಿಂದ ಎಡಕ್ಕೆ ತಿರುಗುವಾಗ ಎದುರು ಬರುವ ಗಾಡಿಗಳ ಸಾಲನ್ನು ದಾಟಬೇಕು. ಬಂಕಿನ ಅಂಚಿನಲ್ಲಿ ನೀರು ಹರಿಯಲು ಮಾಡಿದ ತಗ್ಗು. ಮುಂದಿನ ಚಕ್ರ ಅದಕ್ಕೆ ಇಳಿಯುವಾಗಲೇ ದೂರದಲ್ಲಿ ಒಂದು ವ್ಯಾನ್ ಕಾಣಿಸಿತು. ಬೇಗ ದಾಟೋಣ ಅಂತ ಸ್ಟೀರಿಂಗ್ ಪೂರ್ತಿ ಎಳೆದೆ, ಮೂತಿ ತಗ್ಗಿಗೆ ಕುಸಿಯಿತು, ಅನುಮಾನ ಬಂದು ಬ್ರೇಕೂ ಒತ್ತಿದೆ. ನನ್ನ ಕಾಲಿನ ಹತ್ತಿರವೇ 'ಘರ್ರ್' ಅಂತ ಶಬ್ದ. ಸ್ಟೀರಿಂಗ್ ಯಾರೋ ಹಿಡಿದು ಎಳೆದ ಹಾಗೆ ಕೈಯಲ್ಲಿ ಜಗ್ಗಿತು. ಗಾಡಿ ರಸ್ತೆಗೆ ಅಡ್ಡವಾಗಿ ಅರ್ಧಕ್ಕೆ ನಿಂತುಬಿಟ್ಟಿತು.

ವ್ಯಾನಿನವನು ದೂರದಲ್ಲೇ ನೋಡಿದ್ದ. ನಿಲ್ಲಿಸಿದ, ಹಾರ್ನ್ ಹೊಡೆದ, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಕೊಂಡು ಕಣ್ಣು ಮುಚ್ಚಿದ್ದು ನನ್ನ ಕಣ್ಣ ಮುಂದಿನಿಂದ ಇನ್ನೂ ಹೋಗಿಲ್ಲ.

ಪಕ್ಕಕ್ಕೆ ತಂದು ನೋಡಿದೆ. ಎಡಗಡೆ ಮುಂದಿನ ಚಕ್ರದ ಹಿಂಭಾಗ ಚಕ್ರದ ಗೂಡಿನೊಳಗಿನ ಪ್ಲಾಸ್ಟಿಕ್ ಲೈನರನ್ನು ಕಚ್ಚಿ ಹರಿದಿತ್ತು. ಅದರ ಹಿಂದೆ ಕ್ಯಾಬನ್ನು ಚಾಸಿಗೆ ಕೂರಿಸುವ ಕಬ್ಬಿಣದ ಮೌಂಟ್ ಇರುತ್ತದೆ. ಟೈರಿನ ಭುಜ ಅದಕ್ಕೆ ಉಜ್ಜಿ ರಬ್ಬರ್ ಚೂರು ಕಿತ್ತು ಬಂದಿತ್ತು. ಗರಾಜಿನಲ್ಲಿ ಒಂದು ಬೆರಳು ಜಾಗ ಇದ್ದದ್ದು ಇದೇ ಮೂಲೆಯಲ್ಲಿ.

ಅಮ್ಮ ಸ್ಟೂಲ್ ಹಾಕಿಸಿಕೊಂಡು ಇಳಿದರು. ಬೈತಾರೆ ಅಂದುಕೊಂಡೆ. ಅವರು ಬಗ್ಗಿ ಹರಿದ ಜಾಗ ನೋಡಿ, "ಅಳತೆ ತಗೊಂಡಿರಲಿಲ್ವಾ?" ಅಂದರು.

"ಎಂಟು ಕಡೆ ಅಳತೆ ತಗೊಂಡಿದ್ದೆನಮ್ಮ."

"ನಿಂತಿದ್ದಾಗ ತಗೊಂಡಿದ್ಯಾ, ಓಡುವಾಗ ತಗೊಂಡಿದ್ಯಾ?"

ನಾನು ಮಾತಾಡಲಿಲ್ಲ.

"ಹೊಸದಾಗಿ ಹೊಲಿಗೆ ಕಲಿಯೋ ಹುಡುಗೀರು ಇದೇ ತಪ್ಪು ಮಾಡೋದು ಕಣೋ. ಕೈ ಕೆಳಗೆ ಬಿಟ್ಕೊಂಡು ನಿಂತವಳ ಅಳತೆ ತಗೊಂಡು, ಮೈಗೆ ಅಂಟೋ ಹಂಗೆ ಬ್ಲೌಸ್ ಹೊಲೀತಾರೆ. ಕನ್ನಡಿ ಮುಂದೆ ಚೆನ್ನಾಗೇ ಇರುತ್ತೆ. ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋಕೆ ಕೈ ಎತ್ತಿದಾಗ ಕಂಕುಳಲ್ಲಿ ಟರ್ ಅನ್ನುತ್ತೆ. ಅಳತೆ ತಗೊಂಡ ಮೇಲೆ ಕೈ ಎತ್ತಿಸಿ ನೋಡ್ಬೇಕು."

ಪೆಟ್ರೋಲ್ ಬಂಕಿನ ಪಕ್ಕ ನಿಂತು ನನಗೆ ಸಸ್ಪೆನ್ಷನ್ ಪಾಠ ಆಯಿತು. ನಾನು ಚಕ್ರ ತಿರುಗಿಸಿ ನೋಡಿದ್ದೆ, ಆದರೆ ಸಮನಾದ ನೆಲದಲ್ಲಿ. ಗಾಡಿ ಗುಂಡಿಗೆ ಇಳಿದಾಗ ಚಕ್ರ ಗೂಡಿನ ಒಳಕ್ಕೆ ಇಂಚುಗಟ್ಟಲೆ ಮೇಲೆ ಹೋಗುತ್ತದೆ. ಬ್ರೇಕ್ ಹಿಡಿದರೆ ಮೂತಿ ಇನ್ನೂ ಕುಗ್ಗುತ್ತದೆ, ರಬ್ಬರ್ ಬುಷ್‌ಗಳು ಅದುಮಿ ಚಕ್ರ ಒಂದಿಷ್ಟು ಹಿಂದಕ್ಕೂ ಸರಿಯುತ್ತದೆ. ತಿರುವು, ತಗ್ಗು, ಬ್ರೇಕ್, ಮೂರೂ ಒಟ್ಟಿಗೆ ಬಂದಾಗ ಒಂದು ಬೆರಳು ಜಾಗ ಯಾವ ಮೂಲೆಗೂ ಸಾಲದು. ಅದರ ಮೇಲೆ ಸಹೋದ್ಯೋಗಿಯ ರಿಮ್‌ಗಳು ಚಕ್ರವನ್ನು ಹೊರಕ್ಕೆ ತಳ್ಳುವಂಥವು, ಆಫ್‌ಸೆಟ್ ಸೊನ್ನೆ. ಚಕ್ರ ಹೊರಕ್ಕೆ ಬಂದಷ್ಟೂ ಸ್ಟೀರಿಂಗ್ ತಿರುಗಿಸಿದಾಗ ಅದು ಬೀಸುವ ವೃತ್ತ ದೊಡ್ಡದಾಗುತ್ತದೆ, ಗೂಡಿನ ಮುಂದಕ್ಕೂ ಹಿಂದಕ್ಕೂ ಹೆಚ್ಚು ತಾಗುತ್ತದೆ. ಗತ್ತು ಬಂದಿದ್ದೂ ಅದರಿಂದಲೇ, ಗಂಡಾಂತರ ಬಂದಿದ್ದೂ ಅದರಿಂದಲೇ.

ಸಹೋದ್ಯೋಗಿಗೆ ಹೇಳಿದೆ. ಅವನ ಉತ್ತರ ಸುಲಭ: ಆ ಮೌಂಟಿನ ಮೂಲೆಯನ್ನು ಗ್ರೈಂಡರ್‌ನಿಂದ ಕೊಯ್ದು, ಮೇಲೆ ಒಂದು ತಗಡು ವೆಲ್ಡ್ ಮಾಡಿಸಿಬಿಡು. ಇಲ್ಲಿ 33 ಹಾಕುವವರಲ್ಲಿ ಬಹಳ ಜನ ಅದನ್ನು ಮಾಡ್ತಾರೆ, ಸರಿಯಾಗಿ ಮಾಡಿದರೆ ನಡೆಯುತ್ತೆ ಕೂಡ. ಮನೆಯಲ್ಲಿ ಈ ಮಾತು ಎತ್ತಿದೆ. ಹೆಂಡತಿ ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ, "ಟೈರ್ ಹಿಡಿಸ್ತಿಲ್ಲ ಅಂತ ಗಾಡಿ ಕೊಯ್ತೀಯಾ? ಚಪ್ಪಲಿ ಕಚ್ಚಿದ್ರೆ ಕಾಲು ಕೊಯ್ಕೊಳ್ತೀಯಾ?" ಅಂದಳು. ಅಮ್ಮ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು. ಇಬ್ಬರೂ ಒಂದೇ ಪಕ್ಷ ಅಂತ ಅವತ್ತೇ ಗೊತ್ತಾಯಿತು.

ಸಹೋದ್ಯೋಗಿಯ ಟೈರ್‌ಗಳನ್ನು ಬಿಚ್ಚಿ ಹಳೆಯವನ್ನೇ ಹಾಕಿದೆ. ಈ ಸಲ ಅಮ್ಮ ಹೇಳಿದ ಹಾಗೆ ಗಾಡಿಯ 'ಕೈ ಎತ್ತಿಸಿ' ನೋಡೋಣ ಅಂತ ಶನಿವಾರ ಬೆಳಗ್ಗೆ ಕೂತೆವು. ಅಮ್ಮ ಎಲ್ಲಿ ಹೋದರೂ ಒಂದು ಬಿಸ್ಕತ್ ಡಬ್ಬ ಒಯ್ಯುತ್ತಾರೆ. ಅದರೊಳಗೆ ಸೂಜಿ, ದಾರ, ಟೇಪು, ಬಟ್ಟೆ ಮೇಲೆ ಗುರುತು ಹಾಕುವ ಚಾಕ್. ಆ ಚಾಕನ್ನೇ ತಗೊಂಡು ಲೈನರ್, ಮೌಂಟ್, ಬಂಪರಿನ ಒಳ ಅಂಚು ಎಲ್ಲದಕ್ಕೂ ಬಳಿದೆ. ಮನೆ ಮುಂದಿನ ರ‍್ಯಾಂಪಿನ ಮೇಲೆ ಒಂದು ಚಕ್ರ ಹತ್ತಿಸಿದೆ, ಹಿಂದೆ ಮಣ್ಣಿನ ಚೀಲಗಳನ್ನು ಹೇರಿದೆ. ಸ್ಟೀರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. ಮುಂದಕ್ಕೆ, ಹಿಂದಕ್ಕೆ, ಮಧ್ಯೆ ಬ್ರೇಕ್. ಪ್ರತಿ ಸಲವೂ ಎಷ್ಟು ಜಾಗ ಉಳಿಯಿತು ಅಂತ ಅಮ್ಮ ಸ್ಟೂಲ್ ಮೇಲೆ ಕೂತು ಟೇಪು ಹಿಡಿದು ಹೇಳಿದರು, ಹೆಂಡತಿ ಬರೆದುಕೊಂಡಳು. ನನಗೆ ಡ್ರೈವರ್ ಕೆಲಸ ಮಾತ್ರ.

ಎಲ್ಲಕ್ಕಿಂತ ಇಕ್ಕಟ್ಟಾದ ಅಳತೆ ಸಿಕ್ಕಿದ್ದು ಅದೇ ಎಡ ಮೂಲೆಯಲ್ಲಿ. ಅದನ್ನು ನೋಡಿ ಅಮ್ಮ, "ಇಷ್ಟಿದ್ರೆ ಅರ್ಧ ಇಂಚು ಬಳಸ್ಕೋ, ಮಿಕ್ಕಿದ್ದು ಬಿಡು. ನಾನು ಹೊಲಿಗೆ ಒಳಗೆ ಬಟ್ಟೆ ಬಿಡೋದಿಲ್ವಾ, ಹಂಗೆ" ಅಂದರು.

ಅರ್ಧ ಇಂಚು ಅಂದರೆ 13 ಮಿಲಿಮೀಟರ್. ಕೂತು ಲೆಕ್ಕ ಹಾಕಿದೆ. 265/75 ಆರ್ 16. ಅದೇ ಅಗಲ, ಗೋಡೆ ಮಾತ್ರ 70ರ ಬದಲು 75. ಒಟ್ಟು ಎತ್ತರ 804 ಮಿಲಿಮೀಟರ್, ಸುತ್ತಲೂ ಹೆಚ್ಚಾಗೋದು ಸರಿಯಾಗಿ 13. ನನ್ನ ಕಂಪನಿ ರಿಮ್‌ಗೇ ಕೂರುತ್ತದೆ, ಹೊರಕ್ಕೆ ಚಾಚುವುದಿಲ್ಲ. ಸಂಖ್ಯೆ ಅಷ್ಟು ಸರಿಯಾಗಿ ಕೂಡಿದ್ದು ನೋಡಿ ನನಗೆ ಖುಷಿಯಾಯಿತು. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

ಹೊಸದೇ ತಗೊಂಡೆ, ನಾಲ್ಕಲ್ಲ, ಐದು. ಸ್ಟೆಪ್ನಿಯೂ ಅದೇ ಸೈಜಿನದ್ದು ಇರಬೇಕು. ಬೆಟ್ಟದಲ್ಲಿ ಪಂಚರ್ ಆಗಿ ಒಂದು ಚಿಕ್ಕ ಚಕ್ರ ಹಾಕಿಕೊಂಡು ಫೋರ್ ವೀಲ್ ಡ್ರೈವ್ ಓಡಿಸಿದರೆ ಒಳಗಿನ ಗೇರ್‌ಗಳು ಒಂದಕ್ಕೊಂದು ಜಗ್ಗಾಡುತ್ತವೆ. ಟೈರಿನ ಮೇಲೆ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರೋದನ್ನೇ ಆರಿಸಿದೆ. ಇಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗೆ ಬೆಟ್ಟದ ಹೆದ್ದಾರಿಯಲ್ಲಿ ಟೈರಿನ ಹಲ್ಲು ಕನಿಷ್ಠ ಒಂದು ಇಂಚಿನ 16ರಲ್ಲಿ 3 ಭಾಗ ಆಳ ಇರಬೇಕು ಅಂತ ಕಾನೂನೇ ಇದೆ. ಟೈರ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದೆ. ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ ಸ್ವಲ್ಪ ಹೆಚ್ಚಿಸಿದರೆ ಚಕ್ರ ಕೂದಲೆಳೆಯಷ್ಟು ಮುಂದಕ್ಕೆ ಹೋಗಿ ಆ ಮೌಂಟಿನಿಂದ ದೂರವಾಗುತ್ತದೆ. ಮತ್ತೆ ಚಾಕ್ ಬಳಿದು ಅದೇ ಪರೀಕ್ಷೆ. ಮುಂದಿನ ಮಡ್ ಫ್ಲ್ಯಾಪ್ ಒಂದರ ತುದಿಯಲ್ಲಿ ಮಾತ್ರ ಚಾಕ್ ಅಳಿಸಿತ್ತು. ಎರಡು ಸ್ಕ್ರೂ ಬಿಚ್ಚಿ ಆ ಫ್ಲ್ಯಾಪ್ ತೆಗೆದೆ. ಗ್ರೈಂಡರ್ ಬೇಕಾಗಲಿಲ್ಲ.

ಒಂದು ಮಾತು ಗಾಡಿ ಇರುವವರೆಲ್ಲ ನೆನಪಿಡಿ. ಟೈರ್ ದೊಡ್ಡದಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ, ಗಾಡಿಗೆ ಅದು ಗೊತ್ತಿರೋದಿಲ್ಲ. 33 ಇದ್ದಾಗ ಮುಳ್ಳು 60 ಮೈಲಿ ತೋರಿಸಿದರೆ ನಿಜವಾಗಿ ಓಡುತ್ತಿದ್ದದ್ದು 64ರ ಮೇಲೆ. ಈಗ 60 ಅಂದರೆ 62. ಓಡೋಮೀಟರ್ ಕೂಡ ಅಷ್ಟೇ ಕಡಿಮೆ ಎಣಿಸುತ್ತದೆ, ಹಾಗಾಗಿ ಮೈಲೇಜ್ ಲೆಕ್ಕ ಹಾಕುವಾಗ ಅದನ್ನೂ ಸರಿಪಡಿಸಿಕೊಳ್ಳಬೇಕು. ಇನ್ನೊಂದು ತೂಕ. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟು ನೋಡಿದ್ದೆ, ಸಹೋದ್ಯೋಗಿಯ ಒಂದು ಚಕ್ರ ನನ್ನ ಹಳೆಯ ಚಕ್ರಕ್ಕಿಂತ ಸುಮಾರು 8 ಕೆಜಿ ಹೆಚ್ಚು. ಆ ಭಾರವನ್ನು ಓಡಿಸಬೇಕಾದ್ದೂ ಅದೇ ಎಂಜಿನ್, ನಿಲ್ಲಿಸಬೇಕಾದ್ದೂ ಅದೇ ಬ್ರೇಕ್. ಬೆಟ್ಟ ಹತ್ತುವಾಗ ಗಾಡಿ ಗೇರು ಬದಲಿಸುತ್ತಾ ಪರದಾಡುತ್ತಿದ್ದದ್ದು ಸುಮ್ಮನೇ ಅಲ್ಲ.

33ರ ಸೆಟ್ಟನ್ನು 600 ಡಾಲರ್‌ಗೆ ಮಾರಿದೆ. ಕೊಂಡವನಿಗೆ ಹರಿದ ಲೈನರಿನ ಫೋಟೋ ತೋರಿಸಿಯೇ ಕೊಟ್ಟೆ. ಅವನ ಗಾಡಿಗೆ ಲಿಫ್ಟ್ ಇತ್ತು, ತೊಂದರೆ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಪರವಾಗಿಲ್ವೇ, 500ಕ್ಕೆ ತಗೊಂಡು 600ಕ್ಕೆ ಮಾರಿದ್ಯಲ್ಲ, ವ್ಯಾಪಾರ ಕಲ್ತೆ" ಅಂದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"500 ಅಲ್ಲಮ್ಮ, 900. ಅವತ್ತು ಸುಳ್ಳು ಹೇಳಿದ್ದೆ."

ಅಮ್ಮ ಸಾರು ಬಡಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ನೀನು ದುಡಿದಿದ್ದು, ನೀನು ಖರ್ಚು ಮಾಡ್ದೆ. ಅದಕ್ಕೆ ನನ್ ಹತ್ರ ಯಾಕೋ ಮುಚ್ಚಿಡ್ಬೇಕು? ನಾನೇನು ನಿನ್ ಹತ್ರ ಲೆಕ್ಕ ಕೇಳಿದ್ನಾ?" ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ವಾಸಿ ಇತ್ತು. ಅವರು ಬೆಲೆ ಕೇಳಿದ್ದು ಬರೀ ಮಾತಿಗೆ. ಅದನ್ನು ಲೆಕ್ಕ ಮಾಡಿಕೊಂಡವನು ನಾನು.

ಸೆಪ್ಟೆಂಬರ್‌ನಲ್ಲಿ, ಆಸ್ಪೆನ್ ಮರಗಳ ಎಲೆ ಹಳದಿಯಾದಾಗ, ಮೂವರೂ ಬೆಟ್ಟಕ್ಕೆ ಹೋದೆವು. ಮೊದಲು ಹೊಟ್ಟೆ ಬಡಿದಿದ್ದ ಅದೇ ದಾರಿ. 13 ಮಿಲಿಮೀಟರ್ ದೊಡ್ಡ ಪವಾಡವನ್ನೇನೂ ಮಾಡಲಿಲ್ಲ. ಮೊದಲು ಬಡಿದ ಕಲ್ಲಿನ ಹತ್ತಿರ ಹೆಂಡತಿ ಇಳಿದು ನಿಂತು ಕೈಸನ್ನೆ ಮಾಡಿದಳು, ನಾನು ಚಕ್ರವನ್ನು ಕಲ್ಲಿನ ಮೇಲೇ ಹತ್ತಿಸಿ ನಿಧಾನವಾಗಿ ದಾಟಿಸಿದೆ. ಬಡಿಯಲಿಲ್ಲ. ಅದರಲ್ಲಿ ಟೈರಿನ ಪಾಲೆಷ್ಟು, ಕೈಸನ್ನೆಯ ಪಾಲೆಷ್ಟು ಅಂತ ಬೇರೆ ಮಾಡಿ ಹೇಳೋದು ಕಷ್ಟ. ಮೇಲೆ ತಣ್ಣನೆ ಗಾಳಿಯಲ್ಲಿ ಅಮ್ಮ ಸ್ಟೂಲ್ ಹಾಕಿಸಿಕೊಂಡು ಇಳಿದು, ಅದರ ಮೇಲೇ ಕೂತು, ಫ್ಲಾಸ್ಕಿನ ಕಾಫಿ ಕುಡಿದರು.

ಅಮ್ಮ ಊರಿಗೆ ಹೋಗಿ ಆರು ತಿಂಗಳಾಯಿತು. ಬಿಸ್ಕತ್ ಡಬ್ಬದ ಚಾಕನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿದ್ದಾರೆ. ಚಳಿಗಾಲ ಮುಗಿದ ಮೇಲೆ ಇನ್ನೊಂದು ಸಲ ಬಳಿದು ನೋಡಬೇಕಂತೆ, "ಬಟ್ಟೆ ಒಗೆದ ಮೇಲೆ ಜಗ್ಗುತ್ತೆ ಕಣೋ, ಗಾಡೀನೂ ಹಂಗೇ" ಅಂತ. ಸ್ಪ್ರಿಂಗ್‌ಗಳು ಕಾಲಕ್ರಮೇಣ ಕುಸಿಯುತ್ತವೆ ಅನ್ನೋದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಬರುವ ಶನಿವಾರ ಆ ಕೆಲಸ ಇದೆ.